ಬಾವಿ, ನಲ್ಲಿ ಮತ್ತು ಕಂಪ್ಯೂಟರು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಬಾವಿ ಇತ್ತು. ರಾಟೆಯ ಕಿರುಗುಟ್ಟುವ ಸದ್ದಿನಿಂದಲೇ ನಮಗೆ ಬೆಳಗಾಗುತ್ತಿತ್ತು. ಆಮೇಲೆ ಊರಿಗೆ ಪುರಸಭೆಯ ನಲ್ಲಿ ಬಂತು. ತಿರುಗಿಸಿದರೆ ಸಾಕು, ನೀರು! ಹಗ್ಗ ಎಳೆದೆಳೆದು ಅಂಗೈ ಜಡ್ಡುಗಟ್ಟಿದ್ದ ಅಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೆಲವು ವರ್ಷಗಳಲ್ಲಿ ಬಾವಿಗೆ ಚಪ್ಪಡಿ ಹಾಕಿ ಮುಚ್ಚಿಬಿಟ್ಟೆವು. ಮುಂದೆ ಒಂದು ಬೇಸಿಗೆಯಲ್ಲಿ ನಲ್ಲಿಯ ನೀರು ನಾಲ್ಕು ದಿನಕ್ಕೊಮ್ಮೆ ಬರತೊಡಗಿದಾಗ, ಅಮ್ಮ ಖಾಲಿ ಕೊಡ ಹಿಡಿದು ಆ ಚಪ್ಪಡಿಯನ್ನೇ ನೋಡುತ್ತ ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈಚೆಗೆ ಮಗಳು ನನಗೊಂದು ಕಂಪ್ಯೂಟರು ಕೊಡಿಸಲು ಹೊರಟು, "ಅಮ್ಮ, ಎಲ್ಲವೂ ಇಂಟರ್‌ನೆಟ್ಟಿನಲ್ಲೇ ಇರುವಂಥದ್ದು ಸಾಕೋ, ಎಲ್ಲವೂ ಪೆಟ್ಟಿಗೆಯ ಒಳಗೇ ಇರುವಂಥದ್ದು ಬೇಕೋ?" ಎಂದು ಕೇಳಿದಾಗ ನನಗೆ ನೆನಪಾದದ್ದು ಆ ಬಾವಿ. ನಾನು ಇತಿಹಾಸದ ಪಾಠ ಮಾಡುವವಳು. ಉತ್ತರ ಹೇಳುವ ಮೊದಲು ಹಿಂದಿನದನ್ನು ಕೆದಕುವುದು ನನ್ನ ಚಾಳಿ. ಕೆದಕಿದಾಗ ತಿಳಿದದ್ದೇನೆಂದರೆ, ಕಂಪ್ಯೂಟರಿನ ಲೋಕದಲ್ಲಿ ನಲ್ಲಿಯೇ ಮೊದಲು, ಬಾವಿ ಆಮೇಲೆ!

ಕಂಪ್ಯೂಟರಿನ ಒಳಗೆ ಎಲ್ಲವನ್ನೂ ನಡೆಸುವ ಯಜಮಾನಿಯೊಬ್ಬಳಿದ್ದಾಳೆ. ಯಾವ ಕೆಲಸ ಮೊದಲು, ಯಾವ ಸಾಮಾನು ಎಲ್ಲಿಡಬೇಕು, ಯಾರನ್ನು ಒಳಗೆ ಬಿಡಬೇಕು ಎಂದು ನೋಡಿಕೊಳ್ಳುವವಳು. ಅವಳನ್ನೇ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. 1960ರ ಸುಮಾರಿಗೆ ಒಂದೊಂದು ಕಂಪ್ಯೂಟರಿಗೂ ಒಂದು ದೊಡ್ಡ ಕೋಣೆಯೇ ಬೇಕಿತ್ತು. ಬೆಲೆಯೋ ಲಕ್ಷಾಂತರ ಡಾಲರು. ಒಬ್ಬರೇ ಬಳಸಿದರೆ ದಂಡ. ಅದಕ್ಕಾಗಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೋ ಕೋರ್ಬಾಟೋ ಮತ್ತು ಅವರ ಸಂಗಡಿಗರು 1961ರಲ್ಲಿ ಹಲವರು ಒಂದೇ ಯಂತ್ರವನ್ನು ಏಕಕಾಲಕ್ಕೆ ಬಳಸುವ ವ್ಯವಸ್ಥೆಯೊಂದನ್ನು ತೋರಿಸಿಕೊಟ್ಟರು. ನಿಮ್ಮ ಮುಂದೆ ಇರುವುದು ಟೈಪ್‌ರೈಟರಿನಂಥ ಒಂದು ಸಲಕರಣೆ ಮಾತ್ರ. ಲೆಕ್ಕ ನಡೆಯುವುದೆಲ್ಲ ತಂತಿಯ ಆಚೆ ತುದಿಯಲ್ಲಿ. ಅದೇ ವರ್ಷ ಅದೇ ಸಂಸ್ಥೆಯ ಶತಮಾನೋತ್ಸವದಲ್ಲಿ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ, ಮುಂದೊಂದು ದಿನ ಗಣನೆಯೂ ಟೆಲಿಫೋನಿನ ಹಾಗೆ ಸಾರ್ವಜನಿಕ ಸೌಕರ್ಯವಾಗಬಹುದು ಎಂದು ಹೇಳಿದರು. ಅಂದರೆ ಮನೆಮನೆಗೂ ನಲ್ಲಿ!

ಹಂಚಿಕೊಂಡು ಬಳಸುವ ಕಡೆ ಜಗಳ ತಪ್ಪೀತೆ? ಯಾರ ಕಡತ ಯಾರದೆಂದು ಗುರುತಿಸಲು ಆ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಇಟ್ಟರು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಆಲನ್ ಶೆರ್ ಎಂಬ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆ ಮಾತ್ರ ಯಂತ್ರ ಸಿಗುತ್ತಿತ್ತು. ಸಾಲದೆ ಹೋದದ್ದಕ್ಕೆ 1962ರಲ್ಲಿ ಆತ ಎಲ್ಲರ ಪಾಸ್‌ವರ್ಡುಗಳನ್ನೂ ಉಪಾಯದಿಂದ ಅಚ್ಚು ಹಾಕಿಸಿಕೊಂಡು, ಬೇರೆಯವರ ಹೆಸರಿನಲ್ಲಿ ಕೆಲಸ ಮುಗಿಸಿಕೊಂಡನಂತೆ. ಬೀದಿ ನಲ್ಲಿಯ ಮುಂದೆ ಪಕ್ಕದವರ ಕೊಡ ಸರಿಸಿ ನಮ್ಮದನ್ನಿಡುವುದು ನಮ್ಮ ಊರಿನ ವಿದ್ಯೆ ಮಾತ್ರವಲ್ಲ ಎಂದು ಓದಿ ನನಗೆ ನಗು ಬಂತು.

ಆಮೇಲೆ ಬಂದದ್ದು ಬಾವಿಯ ಕಾಲ. 1975ರಲ್ಲಿ ಆಲ್ಟೇರ್ ಎಂಬ ಪೆಟ್ಟಿಗೆ ಬಂತು; ಕೀಲಿಮಣೆಯೂ ಇಲ್ಲ, ಪರದೆಯೂ ಇಲ್ಲ, ಆದರೂ ಜನ ಮುಗಿಬಿದ್ದು ಕೊಂಡರು. ಯಾಕೆಂದರೆ ಅದು 'ನನ್ನದು'. 1977ರಲ್ಲಿ ಆ್ಯಪಲ್ 2, 1981ರ ಆಗಸ್ಟಿನಲ್ಲಿ ಐ.ಬಿ.ಎಂ.ನ ಪರ್ಸನಲ್ ಕಂಪ್ಯೂಟರ್. ಆ ಹೆಸರಿನಲ್ಲೇ ಇದೆ ನೋಡಿ, ಸ್ವಂತದ್ದು ಎಂಬ ಮಾತು. ಯಜಮಾನಿ ಒಂದು ತೆಳ್ಳನೆಯ ಫ್ಲಾಪಿಯಲ್ಲಿ ಅಡಗಿ ಮನೆಗೆ ಬರುತ್ತಿದ್ದಳು. ಬರೆದದ್ದು ನಮ್ಮ ಡ್ರಾಯರಿನಲ್ಲೇ ಇರುತ್ತಿತ್ತು. ಹಾಗೆಂದು ಬಾವಿ ಎಂದರೆ ಬರೀ ಸುಖವಲ್ಲ. ಹೂಳೆತ್ತಬೇಕು, ಹಗ್ಗ ಬದಲಿಸಬೇಕು. ವೈರಸ್ಸು ಹೊಕ್ಕರೆ, ಹಾರ್ಡ್‌ಡಿಸ್ಕ್ ಕೆಟ್ಟರೆ, ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ ಒಂದೇ ದಿನಕ್ಕೆ ಗಂಗಾಪಾಲು.

ಈ ತಾಪತ್ರಯ ಬೇಡವೆಂದು 1995ರಲ್ಲಿ ಆರಕಲ್ ಕಂಪನಿಯ ಲ್ಯಾರಿ ಎಲಿಸನ್ ಒಂದು ಸಲಹೆ ಮುಂದಿಟ್ಟರು. ಸುಮಾರು 500 ಡಾಲರಿನ ಬಡಪೆಟ್ಟಿಗೆ ಸಾಕು, ಉಳಿದದ್ದೆಲ್ಲ ಇಂಟರ್‌ನೆಟ್ಟಿನಿಂದ ಬರಲಿ ಎಂದು. ಅದೇ ವರ್ಷದ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಆರಂಭಿಸಿತು. ಟೆಲಿಫೋನ್ ತಂತಿಯಲ್ಲಿ ತೊಟ್ಟುತೊಟ್ಟಾಗಿ ಬರುತ್ತಿದ್ದ ಕಾಲ ಅದು. ಅಮೆರಿಕದಲ್ಲೂ ಮನೆಗಳಲ್ಲಿ ಹೆಚ್ಚುಕಡಿಮೆ ಅದೇ ಪಾಡು. ಅಷ್ಟರಲ್ಲಿ ಮಾಮೂಲಿ ಕಂಪ್ಯೂಟರುಗಳ ಬೆಲೆಯೇ 1997ರ ಹೊತ್ತಿಗೆ 1000 ಡಾಲರಿಗಿಂತ ಕೆಳಗಿಳಿಯಿತು. ಎಲಿಸನ್‌ರ ಪೆಟ್ಟಿಗೆ ಮೂಲೆ ಸೇರಿತು. ಕೊಳವೆ ಸಣ್ಣದಿದ್ದರೆ ನಲ್ಲಿ ಎಷ್ಟು ಚೆಂದವಿದ್ದರೇನು?

ಕೊಳವೆ ದೊಡ್ಡದಾದ ಮೇಲೆ ಗೂಗಲ್ ಮತ್ತೆ ಅದೇ ದಾರಿ ಹಿಡಿಯಿತು. 2009ರಲ್ಲಿ ಕ್ರೋಮ್ ಓಎಸ್ ಎಂಬ ಯಜಮಾನಿಯನ್ನು ಪ್ರಕಟಿಸಿ, 2011ರ ಜೂನಿನಲ್ಲಿ ಸ್ಯಾಮ್‌ಸಂಗ್ ಮತ್ತು ಏಸರ್ ಕಂಪನಿಗಳ ಕ್ರೋಮ್‌ಬುಕ್ ಮಾರಾಟಕ್ಕೆ ಬಂತು. ಸ್ಯಾಮ್‌ಸಂಗಿನದರಲ್ಲಿ ಒಳಗಿನ ಜಾಗ 16 ಜಿ.ಬಿ. ಮಾತ್ರ. ಗುಂಡಿ ಒತ್ತಿದ ಕೆಲವೇ ಕ್ಷಣದಲ್ಲಿ ಸಿದ್ಧ. ವೈರಸ್ಸಿನ ಕಾಟ ಕಡಿಮೆ. ಯಂತ್ರ ಕಳೆದುಹೋದರೂ ಇನ್ನೊಂದರಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟರೆ ನಮ್ಮ ಬರಹ ನಮಗೆ ಸಿಗುತ್ತದೆ. ಅಮೆರಿಕದ ಶಾಲೆಗಳು ಇದನ್ನು ಎಷ್ಟು ಮೆಚ್ಚಿದವೆಂದರೆ, ಕೆಲವೇ ವರ್ಷಗಳಲ್ಲಿ ಅಲ್ಲಿನ ಶಾಲೆಗಳು ಕೊಳ್ಳುವ ಯಂತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ ಆದವು. ಆದರೆ ಮೊದಲ ದಿನಗಳಲ್ಲಿ ಇಂಟರ್‌ನೆಟ್ ಇಲ್ಲದಾಗ ಅದರಲ್ಲಿ ಒಂದು ಕಾಗದ ತಿದ್ದುವುದೂ ಸಾಧ್ಯವಿರಲಿಲ್ಲ. ಜನರ ಗೊಣಗಾಟ ಕೇಳಿ, 2012ರಲ್ಲಿ ಸಂಪರ್ಕವಿಲ್ಲದೆಯೂ ಬರೆಯುವ ಅನುಕೂಲ ಮಾಡಿದರು. ನಲ್ಲಿಯವರೂ ಕೊನೆಗೆ ಒಂದು ಹಂಡೆ ಇಡಬೇಕಾಯಿತು!

ಅತ್ತ ಬಾವಿಯವರು ನಲ್ಲಿಯ ಕಡೆ ಸರಿದರು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ ಗೃಹಬಳಕೆಯ ಆವೃತ್ತಿಯನ್ನು ಮೊದಲ ಸಲ ಸಜ್ಜುಗೊಳಿಸಲು ಇಂಟರ್‌ನೆಟ್ ಸಂಪರ್ಕವೂ ಕಂಪನಿಯ ಖಾತೆಯೂ ಬೇಕೆಂದು ಮೈಕ್ರೋಸಾಫ್ಟ್ ಹೇಳಿತು. ಸ್ವಂತ ಬಾವಿಯಿಂದ ಮೊದಲ ಕೊಡ ಎತ್ತಲು ಪುರಸಭೆಯ ರಸೀದಿ ತೋರಿಸಿದ ಹಾಗೆ.

ನಲ್ಲಿ ನಿಂತರೆ ಏನಾಗುತ್ತದೆ ಎಂಬುದನ್ನು 2020 ನಮಗೆಲ್ಲ ಕಲಿಸಿತು. ಶಾಲೆಗಳು ಮುಚ್ಚಿ, ಪಾಠ ಇಂಟರ್‌ನೆಟ್ಟಿಗೆ ಏರಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ಆರಂಭಿಸಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗುವಂತೆ ಮಾಡಿತು. ದೇವಸ್ಥಾನದ ಜಗಲಿಯ ಮೇಲೆ, ಮರದ ನೆರಳಲ್ಲಿ ನಾನೂ ಪಾಠ ಮಾಡಿದ್ದೇನೆ. ಆ ವರ್ಷದ ಡಿಸೆಂಬರ್ 14ರಂದು, ಇಷ್ಟು ದೊಡ್ಡ ಗೂಗಲ್ಲಿನ ಸೇವೆಗಳೇ ಸುಮಾರು ಮುಕ್ಕಾಲು ಗಂಟೆ ಜಗತ್ತಿನಾದ್ಯಂತ ನಿಂತುಹೋದವು. ಬರಹಗಳೇನೂ ಕಳೆದಿರಲಿಲ್ಲ, 'ನೀವು ಯಾರು' ಎಂದು ಗುರುತು ಹಿಡಿಯುವ ಬಾಗಿಲುಗಾರನ ವ್ಯವಸ್ಥೆ ಕೈಕೊಟ್ಟಿತ್ತು, ಅಷ್ಟೆ.

ಆ ಬಾಗಿಲುಗಾರನ ಪರಿಚಯ ನನಗೂ ಆಯಿತು. ಅಮ್ಮ ಹಾಡುತ್ತಿದ್ದ ಹಸೆಹಾಡು, ಬೀಸುವ ಪದಗಳನ್ನು ಅವಳ ಹಳೆಯ ನೋಟುಬುಕ್ಕಿನಿಂದ ಎರಡು ವರ್ಷ ಕೂತು ಬೆರಳಚ್ಚು ಮಾಡಿದ್ದೆ. ಎಲ್ಲವೂ 'ಮೇಲೆ' ಭದ್ರವಾಗಿದೆ ಎಂಬ ಧೈರ್ಯ. ನೋಟುಬುಕ್ಕಿಗೆ ಗೆದ್ದಲು ಹಿಡಿದಾಗ ದುಃಖವಾದರೂ ಗಾಬರಿಯಾಗಲಿಲ್ಲ. ಒಂದು ದಿನ ಪಾಸ್‌ವರ್ಡ್ ಒಪ್ಪಲಿಲ್ಲ. ನೀವೇ ಎಂದು ಖಾತ್ರಿಪಡಿಸಿ ಎಂದಿತು. ಖಾತ್ರಿಯ ಸಂಖ್ಯೆ ಹೋದದ್ದು ನಾನು ಎಂದೋ ಬಿಟ್ಟುಕೊಟ್ಟಿದ್ದ ಹಳೆಯ ಮೊಬೈಲ್ ನಂಬರಿಗೆ. ಯಾವ ಕಂಪನಿ ಎಂಬುದು ಇಲ್ಲಿ ಮುಖ್ಯವಲ್ಲ. ತಪ್ಪಿನಲ್ಲಿ ಅರ್ಧ ನನ್ನದೇ. ಆದರೆ ಹತ್ತೊಂಬತ್ತು ದಿನ ನಾನು ನನ್ನ ತಾಯಿಯ ಹಾಡುಗಳಿಗೆ ಪರಕೀಯಳಾಗಿದ್ದೆ. ದೂರು ಹೇಳಲು ಎದುರಿಗೆ ಒಂದು ಮುಖವೂ ಇರಲಿಲ್ಲ. ಪುರಸಭೆಯಲ್ಲಾದರೆ ಜಗಳವಾಡಲು ಒಬ್ಬ ಗುಮಾಸ್ತನಾದರೂ ಇರುತ್ತಾನೆ! ಮಗಳು ಏನೇನೋ ಮಾಡಿ ಕೊನೆಗೆ ಬಾಗಿಲು ತೆಗೆಸಿದಳು. ಅಂದು ರಾತ್ರಿ ಹಾಡುಗಳನ್ನೆಲ್ಲ ಮತ್ತೊಮ್ಮೆ ಓದಿಕೊಂಡು ಅತ್ತೆ.

ಇದಕ್ಕೆ ಬೇರೆ ದಾರಿಯೇ ಇಲ್ಲವೆ? ನಮ್ಮ ಬೆಂಗಳೂರಿನಲ್ಲೇ ಒಂದು ದಾರಿ ಹೊಳೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎಂಜಿನಿಯರುಗಳೂ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವನ್ನು ತೋರಿಸಿದರು. ಯಂತ್ರವನ್ನು ಇಡೀ ಊರು ಹಂಚಿಕೊಳ್ಳಬಹುದು. ಆದರೆ ನಿಮ್ಮ ಮಾಹಿತಿ ಇರುವ ಪುಟ್ಟ ಸ್ಮಾರ್ಟ್‌ಕಾರ್ಡು ನಿಮ್ಮ ಸೆರಗಿನ ಗಂಟಿನಲ್ಲೇ ಇರುತ್ತದೆ. 2004ರಲ್ಲಿ ಮಾರಾಟಕ್ಕೆ ಬಂದರೂ ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ನಿಲ್ಲದಿದ್ದರೂ ಅದರ ಹಿಂದಿನ ವಿವೇಕ ದೊಡ್ಡದು. ಸೌಕರ್ಯ ಹಂಚಿಕೊಳ್ಳೋಣ, ಬೀಗದ ಕೈ ಮಾತ್ರ ನಮ್ಮಲ್ಲಿರಲಿ.

ನಾವು ಹೆಂಗಸರು ನೀರಿನ ವಿಷಯದಲ್ಲಿ ಇದನ್ನು ಎಂದೋ ಕಲಿತಿದ್ದೇವೆ. ನಲ್ಲಿ ಬಂತೆಂದು ಹಂಡೆಯನ್ನು ಗುಜರಿಗೆ ಹಾಕಲಿಲ್ಲ; ಸಂಪು ಕಟ್ಟಿಸಿದೆವು. ಹಾಗಾಗಿ ಮಗಳಿಗೆ ಹೇಳಿದೆ, "ನಲ್ಲಿಯ ಯಂತ್ರವೇ ಇರಲಿ, ನನಗದು ಹಗುರ. ಆದರೆ ಸಂಪು ಬೇಕು." ಕ್ರೋಮ್‌ಬುಕ್ ಕೊಳ್ಳುವವರಿಗೆ ಎರಡು ಮಾತು. ಸಂಪರ್ಕವಿಲ್ಲದೆ ಬರೆಯುವ ಅನುಕೂಲವನ್ನು ಸಂಪರ್ಕ ಇರುವಾಗಲೇ ತೆರೆದಿಟ್ಟುಕೊಳ್ಳಿ. ಹಾಗೆಯೇ ಅದಕ್ಕೆ ಹೊಸ ರಕ್ಷಣೆ ಸಿಗುವುದು ಹತ್ತು ವರ್ಷವೆಂದು ಗೂಗಲ್ 2023ರಲ್ಲಿ ಹೇಳಿದೆಯಾದರೂ, ಆ ಎಣಿಕೆ ನಾವು ಕೊಂಡ ದಿನದಿಂದಲ್ಲ, ಆ ಮಾದರಿ ಹೊರಬಂದ ದಿನದಿಂದ. ಅಂಗಡಿಯಲ್ಲೇ ಕೇಳಿ ತಿಳಿದುಕೊಳ್ಳಿ. ಇನ್ನು ಯಾವ ಯಂತ್ರವಾದರೂ ಸರಿ, ಮೊಬೈಲ್ ನಂಬರು ಬದಲಿಸಿದ ದಿನವೇ ಖಾತೆಯಲ್ಲೂ ಬದಲಿಸಿ.

ಅಮ್ಮನ ಹಾಡುಗಳು ಈಗಲೂ ಮೇಲೆ ಇವೆ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ನನ್ನ ಎರಡೆಳೆ ಸರದ ಜೊತೆ ಬೀರುವಿನಲ್ಲಿದೆ. ಇನ್ನೊಂದು ಪ್ರತಿ ಕಾಗದದ ಮೇಲೆ ಅಚ್ಚಾಗಿ ಮಗಳ ಮನೆಯಲ್ಲಿದೆ. ಹಿತ್ತಿಲ ಬಾವಿಯ ಚಪ್ಪಡಿಯನ್ನೂ ಹೋದ ಬೇಸಿಗೆಯಲ್ಲಿ ತೆಗೆಸಿದೆವು. ಹೂಳೆತ್ತಿಸಿದ ಮೇಲೆ ನೀರು ಕಂಡಿತು.