ಮಂಗಳೂರು–ಬೆಂಗಳೂರು ವಿಮಾನಕ್ಕೆ ಒಂದು ಗಂಟೆ ಏಕೆ ಬೇಕು?

ಬಜ್ಪೆಯಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 305 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಜೆಟ್‌ಗೆ 23 ನಿಮಿಷ ಸಾಕಲ್ಲವೇ? ಆದರೆ ಟಿಕೆಟ್‌ನಲ್ಲಿ ಒಂದು ಗಂಟೆಯ ಆಸುಪಾಸು ಇರುತ್ತದೆ. ಇದರಲ್ಲಿ ಮೋಸವೇನಿಲ್ಲ. ಟಿಕೆಟ್‌ನಲ್ಲಿ ನಾವು ನೋಡುವುದು ಬರೀ ಹಾರಾಟದ ಸಮಯವಲ್ಲ. ವಿಮಾನ ಇಲ್ಲಿ ನಿಂತ ಜಾಗದಿಂದ ಕದಲಿ, ಅಲ್ಲಿ ಹೋಗಿ ನಿಲ್ಲುವವರೆಗಿನದು. ರನ್‌ವೇ ತನಕದ ಓಟ, ಸರದಿಗೆ ಕಾಯುವುದು ಎಲ್ಲ ಸೇರಿತು. ಮೇಲಾಗಿ 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮಿತಿಯಿದೆ. ಇಷ್ಟು ಹತ್ತಿರದ ಊರುಗಳ ನಡುವೆ ಏರುವುದು, ಇಳಿಯುವುದರಲ್ಲೇ ಬಹುಪಾಲು ಹೊತ್ತು ಕಳೆಯುತ್ತದೆ. ಬೆಂಗಳೂರಿನಲ್ಲಿ ಇನ್ನೊಂದು ವಿಮಾನ ಹಿಡಿಯುವವರು ಟಿಕೆಟ್‌ನ ಸಮಯವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಡಕ್ಕೂ ಬೇರೆ ಬೇರೆ ಟಿಕೆಟ್ ಆಗಿದ್ದರೆ, ಬ್ಯಾಗ್ ಪಡೆದು ಮತ್ತೆ ಚೆಕ್‌ಇನ್ ಮಾಡುವ ಹೊತ್ತನ್ನೂ ಕೂಡಿಸಿಕೊಳ್ಳಿ.