ಮುಯ್ಯಿ ತೀರದಿರಲಿ

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಮಲೆನಾಡಿನ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ಗುಡ್ಡದ ಮಗ್ಗುಲಲ್ಲಿ ಒಂದು, ತೋಟದ ತಲೆಯಲ್ಲಿ ಒಂದು, ಗದ್ದೆಯಾಚೆ ಮತ್ತೊಂದು. ಆದರೆ ನಟ್ಟಿ ಒಂದೇ ಮನೆಯವರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಮಳೆ ಹಿಡಿದ ಮೇಲೆ ಸಸಿ ಬಲಿತುಹೋಗುವ ಮೊದಲು ಗದ್ದೆ ತುಂಬಬೇಕು. ಮರದಿಂದ ಕೊನೆ ಇಳಿಸಿದ ಹಸಿ ಅಡಿಕೆಯೂ ಕಾಯುವುದಿಲ್ಲ. ಸುಲಿದು, ಬೇಯಿಸಿ, ಒಣಗಲು ಹಾಕಬೇಕು. ಹಾಗಾಗಿ ಇವತ್ತು ನಿಮ್ಮ ಅಂಗಳಕ್ಕೆ ನಾವು, ನಮ್ಮ ಸರದಿ ಬಂದಾಗ ನಮ್ಮಲ್ಲಿಗೆ ನೀವು. ಹೀಗೆ ಹೋಗಿ ಬರುವವರಿಗೆ ಮುಯ್ಯಾಳು ಎಂದು ಹೆಸರು.

ಮುಯ್ಯಾಳಿನೊಳಗಿರುವ ‘ಮುಯ್ಯಿ’ ಬಹಳ ಊರು ಸುತ್ತಿದ ಮಾತು. ಹಳೆ ಮೈಸೂರಿನ ಮದುವೆಗಳಲ್ಲಿ ಮುಯ್ಯಿ ಓದಿಸುತ್ತಾರೆ. ಯಾರು ಎಷ್ಟು ಕೊಟ್ಟರೆಂಬುದನ್ನು ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಕೊಟ್ಟವರ ಮನೆಯ ಮದುವೆಗೆ ಹೋಗುವಾಗ ಆ ಪುಟ ತೆಗೆದು ನೋಡುತ್ತಾರೆ. ತಮಿಳಿನಲ್ಲಿ ಇದೇ ‘ಮೊಯ್’. ತಂಜಾವೂರು, ಪುದುಕ್ಕೋಟ್ಟೈ ಕಡೆ ಮೊಯ್ ಎತ್ತುವುದಕ್ಕೆಂದೇ ಊಟ ಹಾಕಿಸುತ್ತಾರೆ. ಇನ್ನೊಂದು ಮುಖವೂ ಉಂಟು. 1978ರಲ್ಲಿ ವಿಷ್ಣುವರ್ಧನ್ ನಟಿಸಿದ ‘ಮುಯ್ಯಿಗೆ ಮುಯ್ಯಿ’ ಎಂಬ ಚಿತ್ರದ ಹೆಸರು ಕೇಳಿ ಯಾರೂ ಉಡುಗೊರೆಯ ಕಥೆ ಎಂದುಕೊಳ್ಳುವುದಿಲ್ಲ. ಅಲ್ಲಿ ಮುಯ್ಯಿ ಎಂದರೆ ಸೇಡು.

ಉಪಕಾರಕ್ಕೂ ಸೇಡಿಗೂ ಒಂದೇ ಮಾತು ಸಾಕೆಂದುಕೊಂಡ ಹಿರಿಯರು ಮನುಷ್ಯರನ್ನು ಚೆನ್ನಾಗಿ ಬಲ್ಲವರು. ಎರಡರಲ್ಲೂ ಒಂದು ಬಾಕಿ ಇರುತ್ತದೆ. ಬಾಕಿಯನ್ನು ಮನಸ್ಸು ಮರೆಯುವುದಿಲ್ಲ. ನಿರೀಕ್ಷೆಯೇ ಇಲ್ಲದೆ ಮಾಡಬೇಕು ಎಂಬ ಉಪದೇಶವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಗದ್ದೆಯ ಬದುಕು ನಿರೀಕ್ಷೆಯನ್ನು ತಪ್ಪೆಂದು ಎಣಿಸಲಿಲ್ಲ, ಅದಕ್ಕೊಂದು ಅಳತೆ ಇಟ್ಟಿತು: ದಿನಕ್ಕೆ ದಿನ. ಯಾವಾಗ ಎಂಬುದನ್ನು ಮಾತ್ರ ಸಡಿಲ ಬಿಟ್ಟಿತು. ಮುಯ್ಯಾಳಾಗಿ ಬಂದವರಿಗೆ ಸಂಜೆಯೇ ದುಡ್ಡು ಎಣಿಸಿ ಕೊಟ್ಟರೆ ಅವರು ಸಂತೋಷಪಡುವುದಿಲ್ಲ, ನೊಂದುಕೊಳ್ಳುತ್ತಾರೆ. ‘ನಿಮ್ಮ ಹಂಗು ನಮಗೆ ಬೇಡ’ ಎಂದ ಹಾಗಾಗುತ್ತದೆ. ಅಲ್ಲಿ ‘ಧನ್ಯವಾದ’ವೂ ಅಷ್ಟಾಗಿ ನಡೆಯುವ ಮಾತಲ್ಲ. ‘ನಿಮ್ಮನೇದು ಯಾವತ್ತು?’ ಎಂದು ಕೇಳಿದರೆ ಕೃತಜ್ಞತೆ ಹೇಳಿದಂತೆಯೇ. ಮದುವೆ ಕಾಗದದ ಕೊನೆಗೆ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗುವುದು ನನಗೆ ಒಪ್ಪಿಗೆಯೇ. ಮುಯ್ಯಿಯ ಭಾರಕ್ಕೆ ಬಡವರು ಸಾಲ ಮಾಡಬಾರದು. ಆದರೆ ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಬಂದವರ ಮುಯ್ಯಿಯನ್ನು ಆ ಸಾಲು ಅಳಿಸದಿರಲಿ.

ಮುಯ್ಯಿಗೆ ಎದುರಾಗಿ ನಿಲ್ಲುವ ಮಾತು ಬಿಟ್ಟಿ. ಒಡೆಯರ ಅಂಗಳದಲ್ಲಿ ಒಕ್ಕಲಿನವರು ಬಿಟ್ಟಿ ದುಡಿದು, ಗೇಣಿಗೆ ಗದ್ದೆ ಕೊಟ್ಟಿದ್ದಕ್ಕಾಗಿ ಉಪಕಾರ ಸ್ಮರಿಸಿಕೊಂಡೇ ಇರಬೇಕಿತ್ತು. ಒಡೆಯರು ಒಕ್ಕಲಿನ ಗದ್ದೆಗೆ ನಟ್ಟಿಗೆ ಇಳಿಯುವ ಮಾತಿರಲಿಲ್ಲ. ಕೃತಜ್ಞತೆ ಪೂರಾ ಒಂದು ಕಡೆ, ನಿರೀಕ್ಷೆ ಪೂರಾ ಇನ್ನೊಂದು ಕಡೆ. 1974ರ ಭೂಸುಧಾರಣೆ ಬಂದು, ಉಳುವವರಿಗೆ ಗದ್ದೆಯ ಹಕ್ಕು ಸಿಕ್ಕ ಮೇಲೆ ಎಷ್ಟೋ ಮನೆಗಳು ತಮ್ಮದೇ ಗದ್ದೆಗೆ ಮುಯ್ಯಾಳು ಕರೆಯುವಂತಾದವು. ಆ ಕಾಯಿದೆಯನ್ನು ಎಕರೆ, ಗುಂಟೆಗಳಲ್ಲಷ್ಟೇ ಅಳೆಯುವವರಿಗೆ ಈ ಮಾತು ಹೇಳಬೇಕೆನಿಸುತ್ತದೆ: ಇನ್ನೊಬ್ಬರಿಂದ ಏನನ್ನಾದರೂ ನಿರೀಕ್ಷಿಸುವ ಅಧಿಕಾರವೂ ಒಂದು ಆಸ್ತಿ.

ಆ ಆಸ್ತಿ ಈಗ ಕರಗುತ್ತಿದೆ. ಗದ್ದೆಗಳು ತೋಟವಾದವು, ಸುಲಿಯುವ ಯಂತ್ರ ಬಂತು, ಫಸಲು ಮರದಲ್ಲಿರುವಾಗಲೇ ಚೇಣಿಗೆ, ಅಂದರೆ ಗುತ್ತಿಗೆಗೆ, ಹೋಗುತ್ತದೆ. ಅದಕ್ಕಿಂತ ಕಷ್ಟದ್ದು ಹಳದಿ ಎಲೆ ರೋಗ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಳನ್ನು ಅದು ದಶಕಗಳಿಂದ ತಿನ್ನುತ್ತಿದೆ, ಖಚಿತವಾದ ಮದ್ದು ಸಿಕ್ಕಿಲ್ಲ. ಮರಗಳು ಹಳದಿಯಾಗಿ ಸೊರಗಿದ ಮನೆಯವರು ನೆರೆಯವರ ಸುಲಿತಕ್ಕೆ ಹೋದರೆ ಆ ಮುಯ್ಯಿ ತಿರುಗಿ ಬರುವುದು ಹೇಗೆ? ಅವರ ಅಂಗಳದಲ್ಲಿ ಸುಲಿಯಲು ಅಡಿಕೆಯೇ ಇಲ್ಲ. ಅಂಥವರಿಗೆ ಹೇಳಿಕಳಿಸುವುದನ್ನು ನಿಲ್ಲಿಸಿದರೆ ‘ನಿಮ್ಮಿಂದ ಇನ್ನು ಏನೂ ಆಗದು’ ಎಂದಂತೆ. ಕರೆದು, ತಿರುಗಿ ಏನೂ ಕೊಡದಿದ್ದರೆ ಬಿಟ್ಟಿ. ಸೂರು ಮಾಡಿಸುವಾಗಲೋ, ಆಸ್ಪತ್ರೆಗೆ ಓಡಬೇಕಾದ ರಾತ್ರಿ ಜೀಪು ತೆಗೆಯುವಾಗಲೋ ಆ ದಿನಗಳನ್ನು ನೆನೆದು ತೀರಿಸಬೇಕು.

ಈ ಲೆಕ್ಕದಿಂದ ಇಂದಿಗೂ ಹೊರಗುಳಿದವಳೆಂದರೆ ಮನೆಯ ಹೆಂಗಸು. ನೆರೆಮನೆಯ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅವಳು ಸುಲಿದ ದಿನ ಮನೆಯ ಹೆಸರಿಗೆ ಜಮೆ. ತಿರುಗಿ ಬಂದ ಮುಯ್ಯಾಳುಗಳಿಗೆ ಕಾಫಿ, ತಿಂಡಿ, ಊಟ ಮಾಡಿ ಬಡಿಸುವವಳೂ ಅವಳೇ. ಅಂದರೆ ಮುಯ್ಯಿ ಕೊಟ್ಟಾಗಲೂ ಪಡೆದಾಗಲೂ ದುಡಿತ ಅವಳದು. ‘ನಮ್ಮನೆಯವಳು ಏನನ್ನೂ ಬಯಸಿದವಳಲ್ಲ’ ಎಂದು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಬಿಟ್ಟಿಗೆ ಹೊದಿಸಿದ ಶಾಲು. ಸುಲಿತ ಮುಗಿದ ಮೇಲೆ ನಾಲ್ಕು ದಿನ ತವರಿಗೆ ಹೋಗಬೇಕೆಂದು ಅವಳು ಅಂದರೆ, ‘ಇಲ್ಲಿ ಅಡುಗೆಗೆ ಯಾರು?’ ಎಂದು ಕೇಳದೆ ಒಲೆಯ ಮುಂದೆ ಕೂರಬೇಕಾದದ್ದು ಗಂಡಸು. ಅದು ಅವಳಿಗೆ ಮಾಡುವ ಉಪಕಾರವಲ್ಲ, ಅವಳ ಮುಯ್ಯಿ.