ಅಲೆಯ ಶಕ್ತಿಯೂ ಬೊಕ್ಕಸದ ಹಣವೂ: ಬ್ರಿಟನ್ನಿನ ಒಂದು ಪ್ರಸಂಗ

ಸಮುದ್ರದ ಅಲೆಗಳಿಂದ ಯಂತ್ರಗಳನ್ನು ನಡೆಸಬಹುದೆಂಬ ಯೋಚನೆ ನಮ್ಮ ಕಾಲದ್ದಲ್ಲ. 1799ರಲ್ಲಿ, ಎಂದರೆ ಶ್ರೀರಂಗಪಟ್ಟಣದ ಕೋಟೆ ಬಿದ್ದ ವರ್ಷದಲ್ಲಿಯೇ, ಗಿರಾರ್ ಎಂಬ ಮನೆತನದ ತಂದೆಮಗ ಇಬ್ಬರು ಪ್ಯಾರಿಸಿನಲ್ಲಿ ಇದಕ್ಕಾಗಿ ಹಕ್ಕುಪತ್ರ ಪಡೆದಿದ್ದರು. ಲಂಗರು ಹಾಕಿ ನಿಂತ ಹಡಗು ಅಲೆಯೊಡನೆ ಏರಿ ಇಳಿಯುವಾಗ, ಅದಕ್ಕೆ ಕಟ್ಟಿದ ಉದ್ದನೆಯ ಸನ್ನೆಯ ಮೂಲಕ ದಡದ ಮೇಲಿನ ಗರಗಸವನ್ನೋ ಗಿರಣಿಯನ್ನೋ ನಡೆಸಬಹುದೆಂಬುದು ಅವರ ಆಲೋಚನೆಯಾಗಿತ್ತು. ಇಷ್ಟು ಹಳೆಯದಾದ ಈ ವಿಚಾರ ಎರಡು ಶತಮಾನಗಳು ಕಳೆದ ಮೇಲೂ ಜಗತ್ತಿನ ಯಾವ ದೇಶದಲ್ಲಿಯೂ ದೊಡ್ಡ ಪ್ರಮಾಣದ ವಿದ್ಯುಚ್ಛಕ್ತಿಯಾಗಿ ಪರಿಣಮಿಸಿಲ್ಲ. ಏಕೆ?

ಯಂತ್ರಶಿಲ್ಪಿಗಳನ್ನು ಕೇಳಿದರೆ ಸಮುದ್ರವೇ ಕಾರಣವೆನ್ನುತ್ತಾರೆ. ಉಪ್ಪುನೀರು ಲೋಹವನ್ನು ತಿನ್ನುತ್ತದೆ. ವರ್ಷದಲ್ಲಿ ಮುನ್ನೂರು ದಿನ ಸಾಧುವಾಗಿರುವ ಅಲೆ ಒಂದು ರಾತ್ರಿಯ ಬಿರುಗಾಳಿಯಲ್ಲಿ ಎಲ್ಲವನ್ನೂ ಮುರಿದುಹಾಕುತ್ತದೆ. ಈ ಉತ್ತರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಉತ್ತರದ ಇನ್ನೊಂದು ಭಾಗ ಸರ್ಕಾರದ ಕಡತಗಳಲ್ಲಿದೆ. ಸಾರ್ವಜನಿಕರ ಹಣ ಯಾವಾಗ ಒದಗಿತು, ಎಷ್ಟು ಕಾಲ ನಿಂತಿತು, ಯಾವ ಅಳತೆಗೋಲಿನಿಂದ ಫಲವನ್ನು ಅಳೆಯಲಾಯಿತು, ಯಾವಾಗ ಹಿಂತೆಗೆಯಲಾಯಿತು ಎಂಬ ಪ್ರಶ್ನೆಗಳು ಇತಿಹಾಸದ ವಿದ್ಯಾರ್ಥಿಗೆ ಸೇರಿದವು. ಅವಕ್ಕೆ ಬ್ರಿಟನ್ನಿನ ಅನುಭವ ಒಳ್ಳೆಯ ನಿದರ್ಶನವಾದುದರಿಂದ ಪ್ರಕೃತ ಲೇಖನದಲ್ಲಿ ಅದನ್ನೇ ಮುಖ್ಯವಾಗಿ ಎತ್ತಿಕೊಂಡಿದ್ದೇವೆ.

ಅದಕ್ಕೆ ಮುಂಚೆ ಜಪಾನಿನ ಬಗ್ಗೆ ಒಂದು ಮಾತು. ಅಲ್ಲಿ ಯೋಶಿಯೋ ಮಸುದ ಎಂಬವರು 1940ರ ದಶಕದಿಂದಲೇ ಅಲೆಗಳ ಮೇಲೆ ಪ್ರಯೋಗಗಳನ್ನು ನಡೆಸುತ್ತಿದ್ದರು. ಹಡಗುಗಳಿಗೆ ದಾರಿ ತೋರುವ ತೇಲುದೀಪಗಳಿಗೆ ಬೇಕಾದ ಅಲ್ಪ ವಿದ್ಯುತ್ತನ್ನು ಅಲೆಯಿಂದಲೇ ಒದಗಿಸುವ ಅವರ ಸಾಧನವನ್ನು ಜಪಾನಿನ ಸರ್ಕಾರ 1965ರಿಂದ ತನ್ನ ಬಳಕೆಗೆ ತಂದುಕೊಂಡಿತು. ಒಂದು ದೀಪ ಉರಿಯುವಷ್ಟು ಶಕ್ತಿ. ಆದರೆ ಕೊಳ್ಳುವವನು ಸರ್ಕಾರವೇ, ಅಗತ್ಯವೂ ನಿಶ್ಚಿತ. ಆ ಸಾಧನ ಬಾಳಿತು.

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದ ಯುದ್ಧದಿಂದ ಎಣ್ಣೆಯ ಮುಗ್ಗಟ್ಟು ತಲೆದೋರಿದುದು ಸರ್ವವಿದಿತ. ಆ ದಿನಗಳಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಅಧ್ಯಾಪಕ ಸ್ಟೀಫನ್ ಸಾಲ್ಟರ್ ಶೀತಜ್ವರದಿಂದ ಮಲಗಿದ್ದರು. ಸುಮ್ಮನೆ ನರಳುತ್ತ ಮಲಗುವ ಬದಲು ಈ ಶಕ್ತಿಯ ಸಮಸ್ಯೆಗೊಂದು ಪರಿಹಾರ ಹುಡುಕಬಾರದೇ ಎಂದು ಅವರ ಪತ್ನಿ ಕೇಳಿದರಂತೆ. ಆಕೆ ಹಾಕಿದ ನಿಬಂಧನೆಗಳು ಸ್ವಾರಸ್ಯವಾಗಿವೆ: ಶಕ್ತಿ ಹೇರಳವಾಗಿರಬೇಕು, ನಿರ್ಮಲವಾಗಿರಬೇಕು, ಸ್ಕಾಟ್ಲೆಂಡಿನ ಚಳಿಗಾಲದಲ್ಲಿ ದೊರೆಯಬೇಕು, ಎಂದೂ ಮುಗಿಯಬಾರದು. ಸಾಲ್ಟರರೇ ಹೇಳಿಕೊಂಡಿರುವ ಈ ಕಥೆಯಲ್ಲಿ ಚಳಿಗಾಲದ ಮಾತು ಗಮನಾರ್ಹವಾದುದು. ಅಟ್ಲಾಂಟಿಕ್ ಸಾಗರದ ಅಲೆಗಳು ಪ್ರಬಲವಾಗುವುದು ಚಳಿಗಾಲದಲ್ಲಿ. ಬ್ರಿಟನ್ನಿನ ಮನೆಗಳಿಗೆ ವಿದ್ಯುತ್ತು ಹೆಚ್ಚಾಗಿ ಬೇಕಾಗುವುದೂ ಆಗಲೇ. ಇದನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಸಾಲ್ಟರರ ಯಂತ್ರಕ್ಕೆ ‘ಬಾತುಕೋಳಿ’ ಎಂದು ಹೆಸರಾಯಿತು. ನೀರಿನ ಮೇಲೆ ತೇಲುವ ಅದರ ಕೊಕ್ಕಿನಂಥ ಮುಂಭಾಗ ಅಲೆ ಬಂದಾಗಲೆಲ್ಲ ತಲೆದೂಗುತ್ತದೆ. ಹಿಂಭಾಗ ದುಂಡಾಗಿರುವುದರಿಂದ ಅದು ತಿರುಗಿದರೂ ಹಿಂದಿನ ನೀರಿನಲ್ಲಿ ಅಲೆಯೇಳುವುದಿಲ್ಲ. ಬಂದ ಶಕ್ತಿ ಹಿಂದಕ್ಕೆ ಸೋರದೆ ಯಂತ್ರದಲ್ಲಿಯೇ ಉಳಿಯುತ್ತದೆ. ಪ್ರಯೋಗಶಾಲೆಯ ತೊಟ್ಟಿಯಲ್ಲಿ ಈ ಮಾದರಿ ಅಲೆಯ ಶಕ್ತಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಹೀರಿಕೊಂಡಿತು. 1974ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಫಲಿತಾಂಶಗಳು ಪ್ರಕಟವಾದವು.

1976ರಲ್ಲಿ ಬ್ರಿಟನ್ನಿನ ಇಂಧನ ಇಲಾಖೆ ಅಲೆಯ ಶಕ್ತಿಗಾಗಿ ಒಂದು ಯೋಜನೆಯನ್ನು ಪ್ರಕಟಿಸಿತು. ಮೊದಲಿಗೆ ಗೊತ್ತುಮಾಡಿದ ಹಣ ಸುಮಾರು 10 ಲಕ್ಷ ಪೌಂಡು. ಯೋಜನೆ ಮುಗಿಯುವ ಹೊತ್ತಿಗೆ ಅದು ಒಟ್ಟು ಒಂದೂವರೆ ಕೋಟಿಯವರೆಗೆ ಬೆಳೆಯಿತು. ಹಲವು ತಂಡಗಳು ಮುಂದೆ ಬಂದವು. ಗಾಳಿಹಾಸಿನ ಮೇಲೆ ಓಡುವ ಹೋವರ್‌ಕ್ರಾಫ್ಟ್ ನೌಕೆಯನ್ನು ಕಂಡುಹಿಡಿದ ಸರ್ ಕ್ರಿಸ್ಟೊಫರ್ ಕಾಕೆರಲ್ ಕೀಲುಗಳಿಂದ ಜೋಡಿಸಿದ ತೆಪ್ಪವೊಂದನ್ನು ರಚಿಸಿದರು. ಲ್ಯಾಂಕಾಸ್ಟರಿನಲ್ಲಿ ಗಾಳಿ ತುಂಬಿದ ಚೀಲಗಳ ಯಂತ್ರ ಸಿದ್ಧವಾಯಿತು. ಹತ್ತರಲ್ಲೊಂದು ಅಳತೆಯ ಬಾತುಕೋಳಿಗಳನ್ನು 1977ರಲ್ಲಿ ನೆಸ್ ಸರೋವರದಲ್ಲಿ ತೇಲಿಬಿಡಲಾಯಿತು. ಯೋಜನೆಯ ಮೇಲ್ವಿಚಾರಣೆಯ ಕಚೇರಿ ಹಾರ್ವೆಲ್ಲಿನಲ್ಲಿ, ಅಣುಶಕ್ತಿ ಪ್ರಾಧಿಕಾರದ ಆವರಣದಲ್ಲಿ ಇತ್ತು. ಈ ನೆರೆಹೊರೆಯಿಂದ ಮುಂದೆ ಬಹಳ ಸಂಶಯಗಳು ಹುಟ್ಟಿದವು.

ನಮ್ಮ ದೃಷ್ಟಿಯಲ್ಲಿ ಈ ಯೋಜನೆಯ ಮುಖ್ಯ ಸಂಗತಿ ಹಣದ ಮೊತ್ತವಲ್ಲ, ಸರ್ಕಾರ ಇಟ್ಟ ಗುರಿ. ಪ್ರತಿಯೊಂದು ತಂಡವೂ ತನ್ನ ಯಂತ್ರದಿಂದ 2,000 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ಕಟ್ಟುವುದಾದರೆ ಅದರ ರೂಪವೇನು, ಒಂದು ಯೂನಿಟ್ ವಿದ್ಯುತ್ತಿನ ಬೆಲೆಯೇನು ಎಂದು ತೋರಿಸಬೇಕಾಗಿತ್ತು. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಾಚೆ ಮೈಲಿಗಟ್ಟಲೆ ಯಂತ್ರಗಳ ಸಾಲನ್ನು ಕಾಗದದ ಮೇಲೆ ನಿಲ್ಲಿಸಬೇಕಾಯಿತು. ಪೂರ್ಣ ಅಳತೆಯ ಒಂದು ಯಂತ್ರವೂ ಕಡಲಿಗೆ ಇಳಿಯುವ ಮೊದಲೇ ಸಾವಿರಾರು ಯಂತ್ರಗಳ ದುರಸ್ತಿಯ ವೆಚ್ಚವನ್ನು ಅಂದಾಜುಮಾಡಬೇಕಾಯಿತು. ಕಲ್ಲಿದ್ದಲಿನ, ಅಣುಶಕ್ತಿಯ ದೊಡ್ಡ ವಿದ್ಯುದಾಗಾರಗಳನ್ನೇ ಕಂಡಿದ್ದ ಅಧಿಕಾರಿಗಳಿಗೆ ಅದಕ್ಕಿಂತ ಕಿರಿದಾದುದು ಲೆಕ್ಕಕ್ಕೆ ಬಾರದಿದ್ದುದು ಸಹಜವೇ. ತೊಟ್ಟಿಲಿನ ಕೂಸನ್ನು ಸೈನ್ಯಕ್ಕೆ ಸೇರಿಸುವ ಅಳತೆಯಿಂದ ಅಳೆದಂತಾಯಿತು.

1982ರ ಮಾರ್ಚಿನಲ್ಲಿ ಸರ್ಕಾರದ ಸಲಹಾ ಮಂಡಲಿ ಈ ಬಾಬಿಗೆ ಕೊಡುವ ಹಣವನ್ನು ಬಹಳವಾಗಿ ಕಡಿಮೆ ಮಾಡಬೇಕೆಂದು ಶಿಫಾರಸು ಮಾಡಿತು. ತಂಡಗಳು ಒಂದೊಂದಾಗಿ ಚದರಿದವು. ಯೋಜನೆಯ ವ್ಯವಸ್ಥಾಪಕರಾಗಿದ್ದ ಕ್ಲೈವ್ ಗ್ರೋವ್-ಪಾಮರ್ ಅವರಿಗೆ ಆ ಸಭೆಗೆ ಪ್ರವೇಶ ದೊರೆಯಲಿಲ್ಲವೆಂಬ ಸಂಗತಿ ಅನಂತರ ಬಹಿರಂಗವಾಗಿ ಚರ್ಚೆಗೆ ಬಂದಿತು. ತಮ್ಮ ಯಂತ್ರದ ವೆಚ್ಚವನ್ನು ಇಲ್ಲದ ದೋಷಗಳನ್ನು ಸೇರಿಸಿ ಹಿಗ್ಗಿಸಲಾಯಿತೆಂದೂ, ಸಮುದ್ರತಳದ ತಂತಿಗಳು ಕೆಡುವ ಪ್ರಮಾಣವನ್ನು ಅತಿಯಾಗಿ ಎಣಿಸಲಾಯಿತೆಂದೂ ಸಾಲ್ಟರ್ ವಾದಿಸಿದರು. 1988ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸಭೆಯ ಸಮಿತಿಯೊಂದರ ಮುಂದೆ ಸಾಕ್ಷ್ಯವನ್ನೂ ನುಡಿದರು.

ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ, ಮೋಸ ಮಾಡಿದವರು ಯಾರು ಎಂಬುದು. ಅಣುಶಕ್ತಿಯವರ ಒಳಸಂಚೆಂಬ ವಿವರಣೆ ಆಕರ್ಷಕವಾಗಿಯೇ ಇದೆ. ಆದರೆ ಅದನ್ನು ಪೂರ್ಣವಾಗಿ ಒಪ್ಪಲು ನಾವು ಸಿದ್ಧರಿಲ್ಲ. ಉತ್ತರ ಸಮುದ್ರದ ಎಣ್ಣೆಯಿಂದ 1980ರ ಸುಮಾರಿಗೆ ಬ್ರಿಟನ್ ಸ್ವಾವಲಂಬಿಯಾಗಿತ್ತು. 1979ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ವೆಚ್ಚವನ್ನು ತಗ್ಗಿಸುವ ವ್ರತ ಕೈಗೊಂಡಿತ್ತು. ಮುಗ್ಗಟ್ಟಿನ ಭಯದಿಂದ ಹುಟ್ಟಿದ ಬೆಂಬಲ ಭಯ ಕರಗಿದೊಡನೆ ಕರಗಿತು. ಮೇಲಾಗಿ, 2,000 ಮೆಗಾವಾಟಿನ ಪ್ರಶ್ನೆ ಕೇಳಿದವರಿಗೆ 1982ರಲ್ಲಿ ‘ಈಗ ಆಗದು’ ಎಂಬ ಉತ್ತರವಲ್ಲದೆ ಬೇರೆಯದು ದೊರೆಯುವಂತಿರಲಿಲ್ಲ. ಲೆಕ್ಕದಲ್ಲಿ ತಪ್ಪುಗಳಿದ್ದರೆ ಅವು ಫಲವನ್ನು ಬೇಗ ತಂದವು, ಅಷ್ಟೆ.

ಅದೇ ವರ್ಷಗಳಲ್ಲಿ ಡೆನ್ಮಾರ್ಕ್ ಗಾಳಿಯ ಶಕ್ತಿಯ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ಇಲ್ಲಿ ಹೋಲಿಸಿ ನೋಡಬೇಕು. ಅಲ್ಲಿನ ಸರ್ಕಾರ 1979ರಿಂದ ಗಾಳಿಯಂತ್ರವನ್ನು ಕೊಳ್ಳುವವರಿಗೆ ಬೆಲೆಯ ನೂರಕ್ಕೆ 30ರಷ್ಟನ್ನು ಸಹಾಯಧನವಾಗಿ ಕೊಟ್ಟಿತು. ರೈತರೂ ಹಳ್ಳಿಯ ಸಹಕಾರ ಸಂಘಗಳೂ ಕೆಲವೇ ಹತ್ತು ಕಿಲೋವಾಟಿನ ಯಂತ್ರಗಳನ್ನು ಕೊಂಡರು. ಕೆಟ್ಟಾಗ ತಯಾರಕರನ್ನು ಕರೆದು ದಬಾಯಿಸಿದರು. ಮುಂದಿನ ಯಂತ್ರ ಕೊಂಚ ಉತ್ತಮವಾಯಿತು. ಪಶ್ಚಿಮ ಜರ್ಮನಿ ಮಾತ್ರ ಒಂದೇ ನೆಗೆತಕ್ಕೆ 3 ಮೆಗಾವಾಟಿನ ‘ಗ್ರೋವಿಯಾನ್’ ಎಂಬ ದೈತ್ಯ ಯಂತ್ರವನ್ನು 1983ರಲ್ಲಿ ನಿಲ್ಲಿಸಿತು. 1987ರಲ್ಲಿ ಅದನ್ನು ನಿಲುಗಡೆಗೆ ತರಬೇಕಾಯಿತು. ಆದರೆ ಈ ಹೋಲಿಕೆಯನ್ನು ಬಹು ದೂರ ಎಳೆಯುವಂತಿಲ್ಲ. ಗಾಳಿಯಂತ್ರ ಕೆಟ್ಟರೆ ಏಣಿ ಹಾಕಿ ಹತ್ತಬಹುದು. ಅಲೆಯ ಯಂತ್ರ ಎಷ್ಟೇ ಚಿಕ್ಕದಾದರೂ ಲಂಗರು, ತಂತಿ, ದೋಣಿಗಳ ಖರ್ಚು ಚಿಕ್ಕದಾಗುವುದಿಲ್ಲ, ಬಿರುಗಾಳಿಯೂ ಚಿಕ್ಕದಾಗುವುದಿಲ್ಲ. ನಾರ್ವೆಯಲ್ಲಿ 1985ರಲ್ಲಿ ಬರ್ಗೆನ್ ಸಮೀಪ ಬಂಡೆಯ ಅಂಚಿಗೆ ಕಟ್ಟಿದ 500 ಕಿಲೋವಾಟಿನ ಸ್ಥಾವರ 1988ರ ಡಿಸೆಂಬರಿನ ಬಿರುಗಾಳಿಗೆ ಸಿಕ್ಕಿ ನಾಶವಾಯಿತು.

ಇಷ್ಟಾದರೂ ಬ್ರಿಟನ್ನಿನಲ್ಲಿ ನಿಜವಾಗಿ ವಿದ್ಯುತ್ತು ಹುಟ್ಟಿದ್ದು ದೊಡ್ಡ ಯೋಜನೆ ಮುಗಿದು ಅಲ್ಪಸ್ವಲ್ಪ ಹಣ ಉಳಿದ ಮೇಲೆ ಎಂಬುದು ವಿಚಿತ್ರವಾದರೂ ಸತ್ಯ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದವರು ಸರ್ಕಾರದ ನೆರವಿನಿಂದ ಐಲಾ ದ್ವೀಪದ ದಡದಲ್ಲಿ 75 ಕಿಲೋವಾಟಿನ ಸ್ಥಾವರವನ್ನು ಕಟ್ಟಿ 1991ರಲ್ಲಿ ನಡೆಸಿದರು. ಅಲ್ಲಿ ತಲೆದೂಗುವ ಬಾತುಕೋಳಿಯಿಲ್ಲ. ಕಾಂಕ್ರೀಟಿನ ಕೋಣೆಯೊಳಗೆ ಅಲೆಯ ನೀರು ಏರಿ ಇಳಿಯುತ್ತದೆ. ಅದರ ಮೇಲಿನ ಗಾಳಿ ಹೊರಕ್ಕೂ ಒಳಕ್ಕೂ ನುಗ್ಗುತ್ತ ಒಂದು ಚಕ್ರವನ್ನು ತಿರುಗಿಸುತ್ತದೆ. ಗಾಳಿ ಯಾವ ಕಡೆಗೆ ಬೀಸಿದರೂ ಒಂದೇ ದಿಕ್ಕಿಗೆ ತಿರುಗುವ ಈ ಚಕ್ರ, ಅದೇ ವಿಶ್ವವಿದ್ಯಾನಿಲಯದ ಪ್ರೊ. ಅಲನ್ ವೆಲ್ಸ್ ಅವರ ಆವಿಷ್ಕಾರ.

ಬೆಂಬಲದ ಎರಡನೆಯ ಅಲೆ ಹೊಸ ಶತಮಾನದ ಆದಿಯಲ್ಲಿ ಎದ್ದಿತು. ಈ ಬಾರಿ ಕಾರಣ ಎಣ್ಣೆಯ ಭಯವಲ್ಲ, ಹವಾಮಾನದ ಭಯ. ಆರ್ಕ್ನಿ ದ್ವೀಪಗಳಲ್ಲಿ 2003ರಲ್ಲಿ ಪರೀಕ್ಷಾಕೇಂದ್ರವೊಂದು ಸ್ಥಾಪಿತವಾಯಿತು. ಸಾಲ್ಟರರ ಶಿಷ್ಯ ರಿಚರ್ಡ್ ಯೆಮ್ ರೂಪಿಸಿದ, ಹಾವಿನಂತೆ ತೇಲುವ ‘ಪೆಲಾಮಿಸ್’ ಯಂತ್ರ 2004ರಲ್ಲಿ ಅಲ್ಲಿಂದ ದೇಶದ ವಿದ್ಯುಜ್ಜಾಲಕ್ಕೆ ಶಕ್ತಿಯನ್ನು ಹರಿಸಿತು. ಅದೇ ವರ್ಷ ಸರ್ಕಾರ 5 ಕೋಟಿ ಪೌಂಡುಗಳ ನಿಧಿಯೊಂದನ್ನು ಸಾರಿತು. ಆದರೆ ನಿಧಿಯ ಮುಖ್ಯಭಾಗ ಪಡೆಯಬೇಕಾದರೆ ಪೂರ್ಣ ಅಳತೆಯ ಯಂತ್ರ ಸಮುದ್ರದಲ್ಲಿ ಮೂರು ತಿಂಗಳು ಎಡೆಬಿಡದೆ ನಡೆದಿರಬೇಕು ಎಂಬ ಷರತ್ತಿತ್ತು. ಯಾರಿಂದಲೂ ಅದು ಸಾಧ್ಯವಾಗಲಿಲ್ಲ. ಈಜು ಬಂದವನಿಗೆ ಮಾತ್ರ ಕೆರೆಗಿಳಿಯಲು ಅಪ್ಪಣೆ ಎಂದಂತಾಯಿತು. ಕಾರ್ನ್‌ವಾಲಿನ ಕಡಲಲ್ಲಿ 2010ರಲ್ಲಿ, ಯಾರು ಬೇಕಾದರೂ ಯಂತ್ರ ತಂದು ಜೋಡಿಸಿಕೊಳ್ಳಲೆಂದು ಸಾರ್ವಜನಿಕ ಹಣದಿಂದ ತಂತಿಯೆಳೆದು ‘ವೇವ್ ಹಬ್’ ಎಂಬ ಕೂಡುತಾಣವನ್ನು ಸಿದ್ಧಗೊಳಿಸಲಾಯಿತು. ತಮ್ಮ ಅಲೆಗಳು ಕುಗ್ಗುವುವೆಂದು ಅಲ್ಲಿ ಅಲೆಯಾಟದ ಹಲಗೆಯವರು ಮೊದಲು ಆಕ್ಷೇಪಿಸಿದ್ದರು. ಅವರ ಅಂಜಿಕೆ ನಿರಾಧಾರವಾಯಿತು, ಏಕೆಂದರೆ ಅಲೆಯ ಯಂತ್ರಗಳ ಸಾಲು ಅಲ್ಲಿಗೆ ಬರಲೇ ಇಲ್ಲ. 2021ರಲ್ಲಿ ಆ ತಾಣವನ್ನು ತೇಲುವ ಗಾಳಿಯಂತ್ರಗಳಿಗಾಗಿ ಮಾರಲಾಯಿತು.

ಜನಾಭಿಪ್ರಾಯವೇನೋ ವಿರುದ್ಧವಾಗಿರಲಿಲ್ಲ. 2012ರಿಂದ ಬ್ರಿಟನ್ನಿನ ಸರ್ಕಾರ ನಡೆಸಿದ ವಿಚಾರಣೆಗಳಲ್ಲಿ ಅಲೆ ಮತ್ತು ಉಬ್ಬರವಿಳಿತದ ಶಕ್ತಿಗೆ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಒಪ್ಪಿಗೆ ಸೂಚಿಸಿದ್ದರು. ಕಣ್ಣಿಗೆ ಬೀಳದ ದೂರದ ಯಂತ್ರಕ್ಕೆ ತಲೆಯಾಡಿಸುವುದರಲ್ಲಿ ಖರ್ಚಿಲ್ಲ. ಆ ಒಪ್ಪಿಗೆ 2014ರ ನವೆಂಬರಿನಲ್ಲಿ ಪೆಲಾಮಿಸ್ ಸಂಸ್ಥೆ ದಿವಾಳಿಯೆದ್ದಾಗ ಅದನ್ನು ಉಳಿಸಲಿಲ್ಲ. ಆದರೆ ಈ ಬಾರಿ ಒಂದು ವ್ಯತ್ಯಾಸವಿತ್ತು. ಸ್ಕಾಟ್ಲೆಂಡಿನ ಸರ್ಕಾರ ಆಗಲೇ ‘ವೇವ್ ಎನರ್ಜಿ ಸ್ಕಾಟ್ಲೆಂಡ್’ ಎಂಬ ಸಂಸ್ಥೆಯನ್ನು ತೆರೆದು, ಪೆಲಾಮಿಸ್ ತಂಡ ಕಲಿತ ವಿದ್ಯೆಯ ಹಕ್ಕುಗಳನ್ನು ಕೊಂಡುಕೊಂಡಿತು. ಇಡೀ ವಿದ್ಯುದಾಗಾರದ ಬೆಲೆಯನ್ನು ಕೇಳದೆ ಯಂತ್ರದ ಒಂದೊಂದು ಭಾಗಕ್ಕೂ ಹಂತಹಂತವಾಗಿ ಪೂರ್ಣವೆಚ್ಚವನ್ನು ಕೊಡುವುದು, ಪ್ರತಿ ಹಂತದಲ್ಲಿಯೂ ದುರ್ಬಲವಾದುದನ್ನು ಕೈಬಿಡುವುದು ಅದರ ಕ್ರಮ. 1982ರಲ್ಲಿ ಚದರಿಹೋದ ತಂಡಗಳ ಅನುಭವಕ್ಕೆ ಇಂಥ ವಾರಸುದಾರರು ಸಿಕ್ಕಿರಲಿಲ್ಲ.

ಭಾರತದ ಪ್ರಯತ್ನವೂ ಇದೇ ಕಾಲದ್ದು. ಮದರಾಸಿನ ಐ.ಐ.ಟಿ.ಯವರು ಕೇಂದ್ರದ ಸಾಗರಾಭಿವೃದ್ಧಿ ಇಲಾಖೆಯ ಹಣದಿಂದ, ತಿರುವನಂತಪುರದ ಬಳಿಯ ವಿಳಿಂಜಂ ಎಂಬ ಮೀನುಗಾರರ ಬಂದರಿನಲ್ಲಿ, ಕಡಲಗೋಡೆಯ ಹೊರಗೆ 150 ಕಿಲೋವಾಟಿನ ಸ್ಥಾವರವನ್ನು ನಿಲ್ಲಿಸಿದರು. ಕಾಂಕ್ರೀಟಿನ ಕೋಣೆ, ವೆಲ್ಸ್ ಅವರ ಚಕ್ರ. ವರ್ಷವೂ ಐಲಾದಂತೆಯೇ 1991. ಅಳತೆಯ ವಿಷಯದಲ್ಲಿ ನಮ್ಮವರು ಬ್ರಿಟಿಷರಿಗಿಂತ ವಿವೇಕಿಗಳಾಗಿದ್ದರೆನ್ನಬೇಕು. ಆದರೆ ಋತುಮಾನ ಅವರ ಕಡೆಗಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಅಲೆಯ ಬಲವೂ ಜನರ ಅಗತ್ಯವೂ ಒಟ್ಟಿಗೆ ಬರುತ್ತವೆ ಎಂದೆವು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಅಲೆಗಳು ಉಕ್ಕುವುದು ಮುಂಗಾರಿನಲ್ಲಿ. ಕೇರಳದ ಜಲಾಶಯಗಳೂ ಶರಾವತಿಯ ಲಿಂಗನಮಕ್ಕಿಯೂ ತುಂಬುವುದು ಆಗಲೇ. ವಿದ್ಯುತ್ತಿಗೆ ಬರವಾಗುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಕಡಲು ಶಾಂತವಾಗಿರುತ್ತದೆ.

ವಿಳಿಂಜಂ ಸ್ಥಾವರ ಮುಂದೆ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ವಶಕ್ಕೆ ಬಂದಿತು. ಅಲೆಯ ಶಕ್ತಿಯಿಂದ ಉಪ್ಪುನೀರನ್ನು ಸಿಹಿನೀರಾಗಿಸುವ ಪ್ರಯೋಗವನ್ನು ಅವರು ಅಲ್ಲಿ ಮಾಡಿ ತೋರಿಸಿದರು. ಮಸುದ ಅವರ ತೇಲುದೀಪದಂತೆ ಇದು ಚಿಕ್ಕದಾದರೂ ನಿಶ್ಚಿತವಾದ ಅಗತ್ಯ. ಪ್ರಾರಂಭದಲ್ಲಿಯೇ ಅದನ್ನು ಗುರಿಯಾಗಿ ಇಟ್ಟುಕೊಂಡಿದ್ದರೆ ಕಡಲತೀರದ ಹಳ್ಳಿಗಳು ಆ ಸ್ಥಾವರವನ್ನು ತಮ್ಮದೆಂದು ಕೇಳುತ್ತಿದ್ದವೇನೋ. ಹಾಗೆ ಕೇಳುವವರಿಲ್ಲದೆ 2011ರಲ್ಲಿ ಸ್ಥಾವರವನ್ನು ಮುಚ್ಚಲಾಯಿತು. ವಿಳಿಂಜಂ ಎಂಬ ಹೆಸರನ್ನು ಇಂದಿನ ವಿದ್ಯಾರ್ಥಿಗಳು ಬಲ್ಲರಾದರೆ ಅದು 2025ರಲ್ಲಿ ಉದ್ಘಾಟನೆಯಾದ ದೊಡ್ಡ ಹಡಗುಗಳ ಬಂದರಿನಿಂದ.